ಡಕೋಟ ಗಾಡಿ

"ಕುಡಿದಿದ್ದು ಒಪ್ಕೊಳ್ಳೋಣ. ಆದ್ರೆ ಗಾಡಿ ಕೆಟ್ಟಿತ್ತು, ತಳ್ಕೊಂಡು ಹೋಗ್ತಿದ್ದೆ ಅನ್ನಬೇಕು. ಓಡಿಸಿದ್ರೆ ತಾನೆ ಕೇಸು?" ಕೋರ್ಟಿನ ಮೆಟ್ಟಿಲ ಮೇಲೆ ನಿಂತು ವಕೀಲರು ನಾಲ್ಕನೇ ಸಲ ಹೇಳಿಕೊಟ್ಟರು.

ಕಕ್ಷಿದಾರ ಮುಖ ಕಿವುಚಿದ. "ಮೂವತ್ತು ವರ್ಷದಿಂದ ಮೆಕ್ಯಾನಿಕ್ ಸಾರ್ ನಾನು. ಬೇರೆ ಏನಾದ್ರೂ ಹೇಳಿ."

"ಬೇರೆ ಅಂದ್ರೆ ಹತ್ತು ಸಾವಿರ ದಂಡ, ಇಲ್ಲಾಂದ್ರೆ ಆರು ತಿಂಗಳವರೆಗೂ ಜೈಲು. ಲೈಸೆನ್ಸೂ ಹೋಗುತ್ತೆ. ಯಾವುದು ಬೇಕು?" ವಕೀಲರಿಗೆ ತಲೆ ಚಿಟ್ಟುಹಿಡಿದಿತ್ತು. "ಒಳಗೆ ಏನು ಕೇಳಿದ್ರೂ 'ಹೌದು ಸ್ವಾಮಿ' ಅನ್ನು, ಸಾಕು."

ಒಳಗೆ ವಾದ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಕೇಸು ಬರೆಯುವಾಗ ಇವನು ಗಾಡಿಯ ಪಕ್ಕ ನಿಂತಿದ್ದನೆಂದು ಪೇದೆಯೇ ಒಪ್ಪಿಕೊಂಡ. ನ್ಯಾಯಾಧೀಶರು ಫೈಲು ಮುಚ್ಚುತ್ತಾ ನಕ್ಕರು.

"ಅಂದ್ರೆ ನಿಮ್ಮದು ಡಕೋಟ ಗಾಡಿ ಅನ್ನಿ."

ಕಕ್ಷಿದಾರನ ಕಿವಿ ಕೆಂಪಾಯಿತು. ಹೌದು ಅನ್ನು ಮಾರಾಯ ಎಂದು ವಕೀಲರು ಕಣ್ಣಲ್ಲೇ ಅಂಗಲಾಚಿದರು.

"ಡಕೋಟನಾ ಸ್ವಾಮಿ? ಅವತ್ತು ಬಾರ್ ಮುಂದೆ ಒಂದೇ ಕಿಕ್ಕಿಗೆ ಸ್ಟಾರ್ಟಾಗಿದ್ದು, ಪೊಲೀಸ್ನೋರು ಕೈ ಅಡ್ಡ ಹಿಡಿಯೋವರೆಗೂ ಒಂದ್ಸಲಾನೂ ಆಫ್ ಆಗಿಲ್ಲ."