ನುಂಗದ ಮಾತ್ರೆ

"ಮೊದಲ ಮೂರು ಇಲ್ಲೇ, ನನ್ನ ಕಣ್ಣೆದುರಿಗೇ ನುಂಗು," ಎಂದು ನರ್ಸ್ ತಿಮಲೇತಿ ನೀರಿನ ಲೋಟ ಮುಂದಿಟ್ಟಳು. ಉನೈಸಿ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ಕೂತಳೇ ಹೊರತು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಸಿಸ್ಟರ್, ಮೊದಲ ಸಲ ತಗೊಳ್ಳೋರಿಗೆ ಮೂರು ಜಾಸ್ತಿ ಆಗಲ್ವಾ?"

"ಮೊದಲ ಸಲ ಯಾರಿಗೆ? ನಿಂದು ಇದು ಮೂರನೇ ತಿಂಗಳು. ಮೊದಲ ತಿಂಗಳು ದಿನಕ್ಕೊಂದರ ಹಾಗೆ ಐದು ದಿನ. ಅಂಡ ಬೆಳೀಲಿಲ್ಲ. ಹೋದ ತಿಂಗಳು ಎರಡೆರಡು. ಆಗ್ಲೂ ಇಲ್ಲ. ಅದಕ್ಕೇ ಡಾಕ್ಟ್ರು ಈ ಸಲ ಮೂರು ಬರೆದಿರೋದು. ಇದರ ಮೇಲೆ ಕೊಡೋ ಹಾಗಿಲ್ಲ ತಾಯಿ. ಇದೂ ಹತ್ತಲಿಲ್ಲ ಅಂದ್ರೆ ನಿಲ್ಲಿಸಿಬಿಡ್ತಾರೆ."

ಉನೈಸಿ ತಲೆ ತಗ್ಗಿಸಿದಳು. "ನಾನು ಇಲ್ಲೀವರೆಗೆ ಒಂದೂ ನುಂಗಿಲ್ಲ."

ಮದುವೆಯಾಗಿ ಒಂಬತ್ತು ವರ್ಷವಾದರೂ ಬಸಿರಾಗಲಿಲ್ಲ ಎಂದು ಇದೇ ಸ್ಟೂಲಿನ ಮೇಲೆ ಕೂತು ಅತ್ತವಳು ಇವಳು! ಇವಳಿಗಾಗಿಯೇ ಡಾಕ್ಟರು ರಾಜಧಾನಿ ಸುವಾದಿಂದ ಸ್ಕ್ಯಾನಿಂಗ್ ಯಂತ್ರವನ್ನು ದೋಣಿಯಲ್ಲಿ ಹೊತ್ತು ತಂದು, ನೋಡಿ ನೋಡಿ ತಲೆ ಕೆರೆದುಕೊಂಡು ಹೋಗಿದ್ದರು. ತಿಮಲೇತಿ ಅವಳ ಅಂಗೈಯಿಂದ ಮಾತ್ರೆಗಳನ್ನು ಕಿತ್ತುಕೊಂಡಳು.

"ಇದೇನು ಬಾಳೆಹಣ್ಣು ಅಂದ್ಕೊಂಡ್ಯೇನೇ? ಒಂದಕ್ಕೇ ಹತ್ತೋ ಮೈಗೆ ಮೂರು ಬಿದ್ರೆ ಅಂಡಾಶಯ ಊದ್ಕೊಂಡು ಹೊಟ್ಟೆಯೆಲ್ಲ ನೀರಾಗಬಹುದು. ಒಂದರ ಜಾಗದಲ್ಲಿ ಮೂರು ಕೂಸು ನಿಲ್ಲಬಹುದು. ಈ ದ್ವೀಪದಲ್ಲಿ ನಿನ್ನ ಯಾರು ನೋಡ್ಕೋತಾರೆ? ಡಾಕ್ಟ್ರು ಕೇಳಿದಾಗ ತಗೊಂಡೆ ಅಂತ ಯಾಕೆ ಅಂದೆ?"

"ಪಕ್ಕದಲ್ಲೇ ಅತ್ತಿಗೆ ಕೂತಿದ್ರು."

"ಹಾಗಾದ್ರೆ ಮಾತ್ರೆ ಎಲ್ಲಿಗೆ ಹೋಯ್ತು?"

ಉನೈಸಿ ಬಾಗಿಲ ಕಡೆ ನೋಡಿದಳು. ಹೊರಗೆ ಬೆಂಚಿನ ಮೇಲೆ ಅವಳ ಗಂಡನ ಅಕ್ಕ ಲವೇನಿಯಾ ಬೇಯಿಸಿದ ಮರಗೆಣಸು ತಿನ್ನುತ್ತ ಕೂತಿದ್ದಳು. "ಅವರು ಬಂದು ಕೆರೆಕೆರೆ ಅಂದ್ರು," ಎಂದಳು ಉನೈಸಿ.

ನೆಂಟರು ಮನೆಗೆ ಬಂದು ‘ಕೆರೆಕೆರೆ, ಇದನ್ನು ಕೊಡು’ ಎಂದರೆ ಇಲ್ಲ ಎಂದವರನ್ನು ತಿಮಲೇತಿ ಈ ಊರಲ್ಲಿ ಕಂಡಿರಲಿಲ್ಲ. ಹಂದಿ ಕೊಟ್ಟವರಿದ್ದಾರೆ, ಬಲೆ ಕೊಟ್ಟವರಿದ್ದಾರೆ. ಹೋದ ವರ್ಷ ಅವಳೇ ಹೊಸ ರೇಡಿಯೋ ಕೊಟ್ಟು ವಾರವಿಡೀ ಗೊಣಗಿದ್ದಳು. ಆದರೆ ಮಾತ್ರೆಯನ್ನೂ ಕೇಳುವುದೇ? ಅದೂ ಲವೇನಿಯಾ! ಅವಳಿಗೆ ಆಗಲೇ ಮೂರು ಮಕ್ಕಳು. ಮೂರೂ ಹೆರಿಗೆ ಮಾಡಿಸಿದವಳು ತಿಮಲೇತಿಯೇ.

"ಲವೇನಿಯಾ! ಬಾ ಒಳಗೆ!"

ಲವೇನಿಯಾ ಕೈ ಒರೆಸಿಕೊಳ್ಳುತ್ತ ಬಂದಳು. "ಆಯ್ತಾ? ಕೊಡು ಉನೈಸಿ, ಬಿಸಿಲೇರೋದ್ರೊಳಗೆ ಹೋಗೋಣ," ಎಂದು ಕೈಯನ್ನೇ ಚಾಚಿದಳು.

"ನಿನಗ್ಯಾಕೇ ಈ ಮಾತ್ರೆ? ಇರೋ ಮೂರು ಸಾಲದೇ?"

"ಅಯ್ಯೋ ಸಿಸ್ಟರ್, ಇದನ್ನ ನುಂಗಿದ್ರೆ ಅವಳಿ ಆಗ್ತವಂತೆ. ನಮ್ಮ ಓರಗಿತ್ತಿಗೆ ಅವಳಿ ಹುಟ್ಟಿದಾಗ ಊರಿಗೆ ಊರೇ ಉಡುಗೊರೆಗೆ ಚಾಪೆ ಹೊತ್ಕೊಂಡು ಅವಳ ಮನೆಗೆ ಹೋಯ್ತಲ್ಲ! ನನಗೂ ಆಸೆ ಆಗಲ್ವಾ? ಇವಳಿಗೇನು, ಇನ್ನೂ ವಯಸ್ಸಿದೆ."

ತಿಮಲೇತಿ ಅವಳ ಕೈಗೆ ಡಬ್ಬಿ ಕೊಟ್ಟು ಹಿಂದಿನ ಬಚ್ಚಲಿಗೆ ಅಟ್ಟಿದಳು. ತಂದದ್ದರಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ ಮೇಜಿನ ಮೇಲಿಟ್ಟರೆ, ಐದು ನಿಮಿಷದೊಳಗೆ ಎರಡು ಗೆರೆ ಮೂಡಿತು. ಲವೇನಿಯಾ ಚಪ್ಪಾಳೆ ತಟ್ಟಿದಳು.

"ಮುಟ್ಟು ಯಾವಾಗಿಂದ ನಿಂತಿದೆ?"

"ಮೊದಲ ಐದು ನುಂಗಿದ ಮೇಲೆ ಬರ್ಲೇ ಇಲ್ಲ. ಹತ್ತಿತು ಅಂತ ಖುಷಿಯಾಯ್ತು. ಇನ್ನೂ ಗಟ್ಟಿಯಾಗಿ ನಿಲ್ಲಲಿ ಅಂತ ಹೋದ ತಿಂಗಳಿಂದೂ ನುಂಗಿದೆ."

"ಹತ್ತೂ?"

"ಹತ್ತೂ. ಇವತ್ತಿಂದೂ ನುಂಗಿಬಿಟ್ರೆ ಆಯ್ತು, ಅಲ್ವಾ?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥದನ್ನು ತಿಮಲೇತಿ ಕೇಳಿರಲಿಲ್ಲ. "ಬಸಿರಾದ ಮೇಲೆ ಒಂದು ಚೂರೂ ಬಾಯಿಗೆ ಹಾಕಬಾರದ ಮಾತ್ರೆ ಕಣೇ ಅದು! ಇವಳಿಗಾದ್ರೆ ಪ್ರತಿ ತಿಂಗಳೂ ಪರೀಕ್ಷೆ ಮಾಡಿ, ಬಸಿರಿಲ್ಲ ಅಂತ ಖಾತ್ರಿಯಾದ ಮೇಲೇ ಕೊಡ್ತಿದ್ದೆ. ನಿನ್ನ ಯಾರು ನೋಡಿದ್ರು?"

"ಮಗೂಗೆ ಏನಾದ್ರೂ ಆಗಿರತ್ತಾ?"

"ಏನೂ ಆಗದೇ ಇರಬಹುದು. ಆಗಿದ್ರೆ ನನಗೆ ಗೊತ್ತಾಗಲ್ಲ. ನಾಳೆ ದೋಣಿಗೆ ಹೊರಡು, ಡಾಕ್ಟ್ರು ನೋಡ್ಲಿ." ತಿಮಲೇತಿ ಉನೈಸಿಯ ಕಡೆ ತಿರುಗಿದಳು. "ನೀನು ಡಾಕ್ಟ್ರಿಗೆ ನಿಜ ಹೇಳು. ಅವರು ಒಪ್ಪಿದ್ರೆ ಮತ್ತೆ ಒಂದರಿಂದ ಶುರು ಮಾಡೋಣ."

"ಮತ್ತೆ ಕೊಟ್ರೂ ಅದು ನನ್ನ ಬಾಯಿ ತನಕ ಬರತ್ತಾ ಸಿಸ್ಟರ್?" ಎಂದಳು ಉನೈಸಿ.

ಲವೇನಿಯಾ ಉನೈಸಿಯ ಮುಂಗೈ ಹಿಡಿದು ಗೊಳೋ ಎಂದು ಅತ್ತಳು. "ನನಗೆ ಅವಳಿ ಬೇಡ್ವೇ ಬೇಡ ಕಣೇ. ಒಂದು ನೆಟ್ಟಗೆ ಹುಟ್ಟಿದ್ರೆ ಸಾಕು. ದೇವರ ಹತ್ರ ನೀನೂ ಕೇಳ್ಕೊಳ್ಳೇ."

ಉನೈಸಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ಸ್ಟೂಲಿನಿಂದಿಳಿದು ಅತ್ತಿಗೆಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ದೊಡ್ಡದೇನನ್ನಾದರೂ ಬೇಡುವಾಗ ಹಿರಿಯರ ಮುಂದೆ ಮಾಡುವಂತೆ ಎರಡು ಅಂಗೈಗಳನ್ನು ಬಟ್ಟಲಿನಂತೆ ಮಡಿಸಿ ಮೂರು ಸಲ ತಟ್ಟಿದಳು.

"ಅತ್ತಿಗೆ, ಒಂಬತ್ತು ವರ್ಷದಲ್ಲಿ ನಿಮ್ಮ ಹತ್ರ ಒಂದು ಚಿಟಿಕೆ ಉಪ್ಪನ್ನೂ ಕೇಳಿಲ್ಲ. ಕೆರೆಕೆರೆ, ಅದು ಹೇಗೇ ಹುಟ್ಟಲಿ, ನನಗೆ ಕೊಟ್ಬಿಡಿ."

ಲವೇನಿಯಾ ಎರಡೂ ಕೈಗಳಿಂದ ಹೊಟ್ಟೆ ಮುಚ್ಚಿಕೊಂಡು, ಇಲ್ಲ ಎನ್ನಲು ಬಾಯಿ ತೆರೆದಳು. ಮಾತೇ ಹೊರಡಲಿಲ್ಲ.