ಮಗ್ಗ ನಿಂತ ಹತ್ತು ನಿಮಿಷ

ಬೆಸುಗೆಯ ರಾಳದ ವಾಸನೆ ಮೂಗಿಗೆ ಬಡಿದರೆ ಸಾಕು, ಖಾಸಬಾಗದ ನಮ್ಮ ಓಣಿಯ ಮಗ್ಗಗಳೆಲ್ಲ ಇಂದಿಗೂ ನನ್ನ ಕಿವಿಯಲ್ಲಿ ನಿಂತುಹೋಗುತ್ತವೆ.

ಎಂಬತ್ತರ ದಶಕದ ಒಂದು ಮಧ್ಯಾಹ್ನ. ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಕಾ ತಾನೇ ಜೋಡಿಸಿದ, ಇನ್ನೂ ಬೆಸುಗೆ ಆರದ ರಿಸೀವರನ್ನು ನಮ್ಮ ಪಡಸಾಲೆಗೆ ತಂದಿಟ್ಟ. ರಷ್ಯಾದ ಗಗನಯಾತ್ರಿಯೊಬ್ಬ ಅಂದು ನೌಕೆಯ ಹೊರಗಿಳಿದು ರಿಪೇರಿ ಮಾಡುತ್ತಿದ್ದನಂತೆ. ನೌಕೆ ಹತ್ತೇ ನಿಮಿಷ ನಮ್ಮ ಮೇಲೆ ಹಾದುಹೋಗುತ್ತಿತ್ತು; ಅಷ್ಟರಲ್ಲೇ ಅವನ ದನಿ ಹಿಡಿಯಬೇಕಿತ್ತು. ಆದರೆ ಓಣಿಯ ಮಗ್ಗಗಳ ಮೋಟಾರಿನಿಂದ ರಿಸೀವರಿನಲ್ಲಿ ಬರೀ ಗರಗರ.

"ಅಣ್ಣಾ, ಮಗ್ಗಾ ಬಂದ್ ಮಾಡಿಸ್ರಿ," ಎಂದ ಕಾಕಾ.

ಅಪ್ಪನ ಮಗ್ಗದ ಮೇಲಿನ ಸೀರೆ ಸಂಜೆಯೊಳಗೆ ಮುಗಿಯಲೇಬೇಕಿತ್ತು. ಆದರೂ ಅವನು ಸ್ವಿಚ್ ಆರಿಸಿ ಓಣಿಗೆ ಹೋಗಿ ಕೂಗಿದ: "ಹತ್ತ ಮಿನಿಟ ಎಲ್ಲಾರೂ ಬಂದ್ ಮಾಡ್ರೆಪಾ! ಆಕಾಶದಾಗ ಒಬ್ಬಾಂವ ಮಾತಾಡಾಕತ್ತಾನ!"

ಒಂದೊಂದೇ ಮಗ್ಗ ನಿಂತಿತು. ತಿಳಿಯದ ಭಾಷೆಯ ನಾಲ್ಕು ಮಾತು ಕೇಳಿದವು, ಆಮೇಲೆ ಏದುಸಿರು. ಅಪ್ಪ ಕಿವಿಗೊಟ್ಟು ಕೇಳಿ, ಅನುಮಾನವೇ ಇಲ್ಲದೆ ಹೇಳಿದ: "ನಟ್ಟ ಜಾಮ್ ಆಗೇತಿ. ಬಿಚ್ಚಾಕ ಹತ್ಯಾನ."

ಸ್ವಲ್ಪ ಹೊತ್ತಿಗೆ ನೌಕೆ ದೂರ ಸರಿದು ದನಿ ಕ್ಷೀಣಿಸಿ ಅಳಿಸಿಹೋಯಿತು. "ಮುಗೀತ್ರಿ ಅಣ್ಣಾ, ಚಾಲೂ ಮಾಡ್ರಿ," ಎಂದ ಕಾಕಾ.

ಅಪ್ಪ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಾಗೇ ನಿಂತ.

"ತಡಿ. ಅಂವಾ ಮೊದಲ ಒಳಗ ಹೋಗ್ಲಿ."