ಕಡ ತಂದ ವ್ಯಾನು

ಸರಪಳಿ ಕಿರುಗುಟ್ಟಿತು. ವ್ಯಾನಿನ ಹೊಟ್ಟೆಯಿಂದ ಎಂಜಿನ್ ಕೆಳಗಿಳಿದು ನೆಲ ಮುಟ್ಟಿತು. ಸಾಗರದ ಮೆಕ್ಯಾನಿಕ್ ಮಂಜುನಾಥಪ್ಪ ಅದನ್ನು ನೋಡುವ ಬದಲು ಎದುರು ನಿಂತಿದ್ದ ಸುನಿಲನನ್ನು ನೋಡಿದ.

"ಯಾರ ಗಾಡಿ ಇದು?"

"ನಂದೇ," ಎಂದ ಸುನಿಲ.

ಸುಳ್ಳು. ವ್ಯಾನು ಪಕ್ಕದ ಮನೆಯ ದುಗ್ಗಮ್ಮನದು. ನಿಜ ಹೇಳಿದರೆ ಈ ಮನುಷ್ಯ ನಾಳೆ ಅವಳಿಗೆ ಫೋನ್ ಮಾಡಿ, ಕುದಿಯುತ್ತಿದ್ದ ಗಾಡಿಯನ್ನು ಎಷ್ಟು ದೂರ ಓಡಿಸಿದ್ದಾರೆ ಎಂದು ಹೇಳಿಬಿಟ್ಟಾನು. ಆ ಒಂದು ಮಾತು ದುಗ್ಗಮ್ಮನ ಕಿವಿಗೆ ಬೀಳದಿದ್ದರೆ ಸುನಿಲನಿಗೆ ಸಾಕಿತ್ತು.

ಮಂಜುನಾಥಪ್ಪ ರೇಡಿಯೇಟರನ್ನು ಬೋರಲು ಹಾಕಿದ. ಹಳದಿ ಕೆಸರು ಹೊರಬಂತು. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ. ಅಡುಗೆಮನೆಯ ವಾಸನೆ ಸುನಿಲನ ಮೂಗಿಗೂ ಬಡಿಯಿತು. ದಿನಾ ಸಾಂಬಾರಿನ ಪಾತ್ರೆ ಹೊರುವ ಗಾಡಿ, ಇನ್ನೇನು ವಾಸನೆ ಬಂದೀತು ಎಂದುಕೊಂಡ. ಕೆಸರು ತುಕ್ಕೇ ಇರಬೇಕು.

"ನಿಮ್ದೇ ಗಾಡಿ ಅಂದ್ಮೇಲೆ ನಾನೆಂತ ಹೇಳದು, ನಿಮಗೇ ಗೊತ್ತಿರ್ತದೆ," ಎಂದ ಮಂಜುನಾಥಪ್ಪ. "ಹೆಡ್ ಬಗ್ಗಿದೆ, ಪಿಸ್ಟನ್ ಹಿಡ್ಕಂಡಿದೆ. ಇದನ್ನ ರಿಪೇರಿ ಮಾಡ್ಸೋದು ದಂಡ. ಬೇರೆ ಎಂಜಿನ್ನೇ ಕೂರಿಸ್ಬೇಕು."

"ಕೂರಿಸಿ."

ಸುನಿಲ ಚೌಕಾಸಿ ಮಾಡಲಿಲ್ಲ. ಅವನದು ತಾಳಗುಪ್ಪದ ಹತ್ತಿರದ ಊರು. ಅಲ್ಲಿ ಕಡ ತಂದ ವಸ್ತು ಯಾರ ಕೈಯಲ್ಲಿ ಕೆಟ್ಟಿತೋ ಅವರೇ ಸರಿಮಾಡಿಸಿ ಕೊಡಬೇಕು, ಕೊಟ್ಟವರು ಬಾಯಿಬಿಟ್ಟು ಕೇಳಬಾರದು. ಹೆಚ್ಚಿನವರು ಇದರಲ್ಲೂ ನುಣುಚಿಕೊಳ್ಳಲು ದಾರಿ ಹುಡುಕುತ್ತಾರೆ. ಸುನಿಲನ ಮನೆಯವರು ಮಾತ್ರ ಹಾಗಲ್ಲ. ಅವನಪ್ಪ ಒಮ್ಮೆ ಕಡ ತಂದ ಪಂಪ್‌ಸೆಟ್ ಸುಟ್ಟುಹೋಯಿತೆಂದು ಹೊಸದನ್ನೇ ತಂದಿಟ್ಟಿದ್ದ. ಊರಿನವರು ಅದನ್ನು ಈಗಲೂ ಹೇಳುತ್ತಾರೆ.

ದುಗ್ಗಮ್ಮ ಗಂಡ ಹೋದ ಮೇಲೆ ತಾನೇ ಸ್ಟೇರಿಂಗ್ ಹಿಡಿದು, ಬೆಳಗಾದರೆ ಜೋಗಕ್ಕೆ ಇಡ್ಲಿ, ಚಿತ್ರಾನ್ನ ಒಯ್ದು ಮಾರುವ ಗಟ್ಟಿ ಹೆಂಗಸು. ಆ ವ್ಯಾನನ್ನು ಯಾರಿಗೂ ಕೊಟ್ಟವಳಲ್ಲ. ಒಡಹುಟ್ಟಿದ ಅಣ್ಣ ಕೇಳಿದಾಗಲೂ ಆಗುವುದಿಲ್ಲ ಎಂದಿದ್ದಳು. ಅಂಥವಳು ಸುನಿಲನ ತಂಗಿ ಪ್ರತಿಮಾಳ ನಿಶ್ಚಿತಾರ್ಥದ ಹಿಂದಿನ ದಿನ ತಾನಾಗಿ ಬಂದು ಕೀಲಿ ಕೊಟ್ಟಳು.

"ತೀರ್ಥಹಳ್ಳಿ ತನಕ ಬಾಡಿಗೆ ಗಾಡಿ ಎಂತಕ್ಕೆ? ನಮ್ದು ಇದ್ಯಲ್ಲ."

ಸುನಿಲನ ಅಮ್ಮ ಕಣ್ಣೊರೆಸಿಕೊಂಡಳು. ಹೊರಡುವಾಗ ದುಗ್ಗಮ್ಮ ಹಿಂದಿನ ಸೀಟಿನ ಕೆಳಗೆ ಎರಡು ಕ್ಯಾನ್ ನೀರನ್ನೂ ಇಟ್ಟಳು. ಕುಡಿಯಲು ಎಷ್ಟು ನೀರು ಇಟ್ಟಿದ್ದಾಳೆ ನೋಡು ಎಂದು ಅಮ್ಮ ದಾರಿಯುದ್ದಕ್ಕೂ ಹೊಗಳಿದಳು.

ಹೊಸನಗರ ದಾಟಿದ ಮೇಲೆ ಒಂದು ಏರಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಸೀಟಿನ ಅಡಿಯಿಂದ ಹಬೆ ಎದ್ದಿತು. ಸುನಿಲ ನಿಲ್ಲಿಸಬೇಕಿತ್ತು. ವೈರಿಂಗ್ ಕೆಲಸ ಮಾಡುವವನು, ಯಂತ್ರ ಕಾದರೆ ಏನಾಗುತ್ತದೆ ಎಂದು ತಿಳಿಯದವನೇನಲ್ಲ. ಆದರೆ ಮುಹೂರ್ತ ಹನ್ನೊಂದಕ್ಕೆ. ತಡವಾಗಿ ಹೋಗಿ ಬೀಗರ ಮುಂದೆ ತಲೆತಗ್ಗಿಸುವುದು ಹೇಗೆ? "ಇನ್ನೇನು ಬಂತು," ಎನ್ನುತ್ತ ಆರು ಕಿಲೋಮೀಟರ್ ಓಡಿಸಿದ. ಗಾಡಿ ಒಮ್ಮೆ ಕೆಮ್ಮಿ ನಿಂತಿತು. ಹಣ್ಣುಕಾಯಿ ತಟ್ಟೆ ಹಿಡಿದುಕೊಂಡು ಎಲ್ಲರೂ ಬಸ್ಸು ಹತ್ತಿದರು. ಮುಹೂರ್ತ ಹೇಗೂ ತಪ್ಪಿತು.

ಊರಿಗೆ ಬಂದು ಅವನು ಹೇಳಿದ್ದೇ ಬೇರೆ. "ಮುಳ್ಳು ಏರಿದ್ದೇ ನಿಲ್ಸಿದೆ ಅಕ್ಕ. ಆದ್ರೂ ಹಿಂಗಾತು."

ದುಗ್ಗಮ್ಮ ಬೈಯಲಿಲ್ಲ. ಸೆರಗಿನ ತುದಿ ನೋಡುತ್ತ, "ಆಗ್ಲಿ ಬಿಡು," ಎಂದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಸುನಿಲ ಬೈಕು ಮಾರಿ ಎಂಜಿನ್ ಹಾಕಿಸಿದ. ಗುಜರಿಯದೇ ಆದರೂ ಒಳ್ಳೆಯ ಎಂಜಿನ್ನು, ಜೊತೆಗೆ ಹೊಸ ರೇಡಿಯೇಟರು. ವ್ಯಾನನ್ನು ಅಂಗಳದಲ್ಲಿ ನಿಲ್ಲಿಸಿ ಕೀಲಿ ಚಾಚಿದಾಗ ದುಗ್ಗಮ್ಮ ಅವನ ಮುಖ ನೋಡಲಿಲ್ಲ. ಇವಳಿಗೆ ಎಲ್ಲ ಗೊತ್ತಾಗಿದೆ ಎಂದುಕೊಂಡ ಸುನಿಲ.

ಅಂದಿನಿಂದ ಸುನಿಲನ ಮನೆಗೆ ದಿನಾ ಏನಾದರೂ ಬರತೊಡಗಿತು. ಇಡ್ಲಿ, ಕಡುಬು, ಒಂದು ದಿನ ಕೋಳಿ ಸಾರು. ದುಗ್ಗಮ್ಮ ಪಾತ್ರೆಯನ್ನು ಬಾಗಿಲಲ್ಲೇ ಇಟ್ಟು, ಕರೆದರೂ ನಿಲ್ಲದೆ ಹೋಗುತ್ತಿದ್ದಳು. ತನ್ನ ಸುಳ್ಳು ಗೊತ್ತಿದ್ದೂ ಅನ್ನ ಕೊಡುತ್ತಿದ್ದಾಳಲ್ಲ ಎಂದು ಸುನಿಲ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಏಳುತ್ತಿದ್ದ. ಮೂವತ್ತು ವರ್ಷದ ಬದುಕಿನಲ್ಲಿ ಅವನಿಗೆ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಜೋಗದ ಕಾಲೋನಿಯಲ್ಲಿ ವೈರಿಂಗ್ ಕೆಲಸವಿತ್ತು. ಬೈಕಿಲ್ಲದ ಸುನಿಲ ಬೆಳಗ್ಗೆ ಬಸ್ಸು ಕಾಯುತ್ತ ನಿಲ್ಲುತ್ತಿದ್ದ. ಎರಡು ವಾರ ವ್ಯಾನು ಅವನೆದುರೇ ಹಾದುಹೋಯಿತು. ಮೂರನೆಯ ಸೋಮವಾರ ಹತ್ತಿರ ಬಂದು ನಿಂತಿತು.

"ಹತ್ತು," ಎಂದಳು ದುಗ್ಗಮ್ಮ.

ಹತ್ತಿದ. ಎಂಜಿನ್ ಸದ್ದು ಸಣ್ಣಗೆ, ಸಮನಾಗಿ ಬರುತ್ತಿತ್ತು. ಎರಡು ತಿರುವು ಕಳೆಯುವಷ್ಟರಲ್ಲಿ ಸುನಿಲನಿಗೆ ತಡೆಯಲಾಗಲಿಲ್ಲ.

"ಅಕ್ಕ, ನಾನು ಸುಳ್ಳು ಹೇಳಿದ್ದೆ. ಹಬೆ ಬಂದ್ರೂ ಆರು ಕಿಲೋಮೀಟರ್ ಓಡ್ಸಿದೆ. ನಿಮ್ಮ ಅನ್ನದ ಗಾಡಿನ ನಾನೇ ಕೈಯಾರೆ ಹಾಳು ಮಾಡಿದ್ದು. ಇನ್ನು ತಿಂಡಿ ತಂದಿಡ್ಬೇಡಿ. ಒಂದ್ಸಲ ಬೈದುಬಿಡಿ."

ದುಗ್ಗಮ್ಮ ವ್ಯಾನನ್ನು ರಸ್ತೆ ಬದಿಗೆ ತಂದು ಎಂಜಿನ್ ಆರಿಸಿದಳು. ಕಣ್ಣು ತುಂಬಿತ್ತು. ಸುನಿಲ ಬೈಗುಳಕ್ಕೆ ಕಾದು ತಲೆ ತಗ್ಗಿಸಿ ಕೂತ.

"ಮೂರು ತಿಂಗಳಿಂದ ನೀರು ಸೋರ್ತಿತ್ತು ಮಾರಾಯ," ಎಂದಳು ದುಗ್ಗಮ್ಮ. "ತೂತು ಮುಚ್ಚಲಿ ಅಂತ ರೇಡಿಯೇಟರಿಗೆ ಅರಿಶಿನ ಪುಡಿ ಹಾಕ್ಕಂಡು ಹೆಂಗೋ ಓಡಿಸ್ತಿದ್ದೆ."

ಅವನು ತಲೆಯೆತ್ತಿದ. ಅವಳು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು.

"ಹೆಂಗಿದ್ರೂ ನಿಲ್ಲೋದೇ, ಕೆಟ್ರೆ ಸರಿಮಾಡ್ಸಿ ಕೊಡೋ ನಿನ್ನ ಕೈಯಲ್ಲೇ ನಿಲ್ಲಲಿ ಅಂತ ಕೀಲಿ ತಂದುಕೊಟ್ಟೆ."